ನಮ್ಮ ಮುರಕಲ್ಲಿನ ಗುಡ್ಡೆಗೆ 120 ಮಿಲಿಮೀಟರ್ ಸಾಕಾ?

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರದವನು. ನಾಲ್ಕು ವರ್ಷದಿಂದ ಹಾರ್ಡ್‌ಟೇಲ್ ಮೌಂಟನ್ ಬೈಕ್ ಓಡಿಸುತ್ತಿದ್ದೇನೆ. ಮುಂದೆ ಪೆಟ್ಟಿಗೆ 100 ಮಿ.ಮೀ. ತಗ್ಗುವ ಫೋರ್ಕ್, ಹಿಂದೆ ಸಸ್ಪೆನ್ಷನ್ ಏನೂ ಇಲ್ಲ. ಭಾನುವಾರ ಬೆಳಗ್ಗೆ ಗುಡ್ಡೆ, ಗೇರು ತೋಟ, ಅಡಿಕೆ ತೋಟದ ದಾರಿ, ಹೀಗೆ ಮೂರು ಗಂಟೆ ಸುತ್ತುತ್ತೇನೆ. ತೂಕ 72 ಕೆ.ಜಿ. ಈಗ ಬೆಂಗಳೂರಿನಲ್ಲಿ ಒಬ್ಬರು ಮುಂದೆಯೂ ಹಿಂದೆಯೂ 120 ಮಿ.ಮೀ. ಸಸ್ಪೆನ್ಷನ್ ಇರುವ ಅಲ್ಯುಮಿನಿಯಮ್ ಸೈಕಲ್ ಮಾರುತ್ತಿದ್ದಾರೆ. ಒಬ್ಬ ಗೆಳೆಯ ಹೇಳುತ್ತಾನೆ, ಫುಲ್ ಸಸ್ಪೆನ್ಷನ್ ಅಂದ್ರೆ ಏರಿನಲ್ಲಿ ತೊಟ್ಟಿಲು, ಕಾಲಿನ ಶಕ್ತಿಯನ್ನೆಲ್ಲ ಹಿಂದಿನ ಶಾಕ್ ಅಬ್ಸಾರ್ಬರ್ ತಿನ್ನುತ್ತದೆ ಅಂತ. ಇನ್ನೊಬ್ಬ ಹೇಳುತ್ತಾನೆ, ತಗೊಳ್ಳುವುದಾದರೆ 150 ತಗೋ, 120 ಅತ್ತವೂ ಅಲ್ಲ ಇತ್ತವೂ ಅಲ್ಲ ಅಂತ. ದಾರಿಯಲ್ಲಿ ಅದು ನಿಜಕ್ಕೂ ಹೇಗೆ ನಡೆದುಕೊಳ್ಳುತ್ತದೆ? ನಮ್ಮ ಮಳೆಗೆ ತಡೆಯುತ್ತದಾ?

ಉತ್ತರ: ನಿಮ್ಮ ಗೆಳೆಯರು ಇಬ್ಬರೂ ಪೂರ್ತಿ ಸುಳ್ಳು ಹೇಳಿಲ್ಲ. ಆದರೆ ಇಬ್ಬರೂ ಬೇರೆ ಯಾವುದೋ ಊರಿನ ಗುಡ್ಡೆ ನೆನೆಸಿಕೊಂಡು ಮಾತಾಡಿದ ಹಾಗಿದೆ. ನಾನು ಪೆರ್ಲ, ಮುಳ್ಳೇರಿಯ, ಸೀತಾಂಗೋಳಿ ಕಡೆ ಆರು ಮಳೆಗಾಲ 120ರ ಸೈಕಲನ್ನೇ ಓಡಿಸಿದ್ದೇನೆ. ಅದಕ್ಕೆ ಮೊದಲು ನಿಮ್ಮ ಹಾಗೆಯೇ ಹಾರ್ಡ್‌ಟೇಲ್. ಹಾಗಾಗಿ ಸೈಕಲ್‌ಗಿಂತ ಮೊದಲು ನೆಲದ ಮಾತು ಆಡೋಣ. ಸಸ್ಪೆನ್ಷನ್ ಎಷ್ಟು ಬೇಕು ಅಂತ ಹೇಳುವುದು ನೆಲವೇ.

ನಮ್ಮದು ಮುರಕಲ್ಲಿನ ಸೀಮೆ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರು ಕೊಟ್ಟದ್ದು ಇದೇ ಕೇರಳದ ಅಂಗಾಡಿಪುರದ ಕಲ್ಲು ನೋಡಿ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದ ಅದರ ಮೂಲ. ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದರೆ ಗಟ್ಟಿ. ಮನೆ ಕಟ್ಟುವವರಿಗೆ ಒಳ್ಳೆಯದೇ. ಸೈಕಲ್ ಓಡಿಸುವವನಿಗೆ ಮಾತ್ರ ಇದರ ಮುಖ ಮೂರು. ಪದವಿನ ಮೇಲೆ, ಅಂದರೆ ಗುಡ್ಡೆಯ ಮೇಲಿನ ಬಯಲಿನಲ್ಲಿ, ಗಟ್ಟಿಯಾದ ಸಿಪ್ಪೆ, ಅದರ ತುಂಬ ಜೇನುಗೂಡಿನಂಥ ತೂತು. ಅಲ್ಲಿ ಹ್ಯಾಂಡಲ್ ಗಡಗಡ ನಡುಗುತ್ತದೆ. ಇಳಿಜಾರಿನಲ್ಲಿ ಆ ಸಿಪ್ಪೆ ಒಡೆದು ಮೆಟ್ಟಿಲಾಗಿರುತ್ತದೆ, ಒಂದೊಂದು ಗೇಣೆತ್ತರ, ಅಂಚು ಚೂಪು. ಮೂರನೆಯದು ಆ ಮೆಟ್ಟಿಲಿನ ಕೆಳಗೆ ಬಿದ್ದ ಉರುಟು ಹರಳು. ಗೋಲಿ ಚೆಲ್ಲಿದ ಮೇಲೆ ನಡೆದ ಹಾಗೆ.

ಇನ್ನೂ ಒಂದು ವಿಷಯ. ನಮ್ಮ ಏರು ಇಳಿತ ಎಲ್ಲ ಚಿಕ್ಕದು. ತೋಟದಿಂದ ಗುಡ್ಡೆ ತುದಿಗೆ ಹತ್ತು ನಿಮಿಷ, ಅಲ್ಲಿಂದ ಆಚೆ ತೋಡಿಗೆ ಎರಡು ನಿಮಿಷ, ಮತ್ತೆ ಏರು. ಮೂರು ಗಂಟೆಯ ಸುತ್ತಿನಲ್ಲಿ ಎರಡು ಗಂಟೆಗಿಂತ ಜಾಸ್ತಿ ನೀವು ಪೆಡಲ್ ತುಳಿಯುತ್ತಲೇ ಇರುತ್ತೀರಿ, ಅಲ್ವಾ? 150 ಮಿ.ಮೀ. ಸೈಕಲ್ ಹುಟ್ಟಿದ್ದು ಅರ್ಧ ಗಂಟೆ ಹತ್ತಿ ಹದಿನೈದು ನಿಮಿಷ ಕಲ್ಲಿನ ಮೇಲೆ ಹಾರುತ್ತ ಇಳಿಯುವ ಜಾಗಕ್ಕೆ. ಅದನ್ನು ಇಲ್ಲಿ ಓಡಿಸಿದರೆ ಎರಡು ನಿಮಿಷದ ಖುಷಿಗೆ ಹತ್ತು ನಿಮಿಷ ಹೆಚ್ಚಿನ ಭಾರ ಹೊತ್ತ ಹಾಗೆ. ಎರಡನೇ ಗೆಳೆಯನಿಗೆ ನನ್ನ ಉತ್ತರ ಇಷ್ಟೇ.

ಮೊದಲನೇ ಗೆಳೆಯನ ಮಾತಿಗೆ ಸ್ವಲ್ಪ ಜಾಸ್ತಿ ಹೊತ್ತು ಬೇಕು.

ಫುಲ್ ಸಸ್ಪೆನ್ಷನ್ ಅಂದರೆ ಸುಖ, ಮೆತ್ತೆ, ಬೆನ್ನುನೋವಿಗೆ ಮದ್ದು ಅಂತ ಎಲ್ಲರೂ ತಿಳಿದಿದ್ದಾರೆ. 120ರ ಸೈಕಲ್‌ನಲ್ಲಿ ಮೆತ್ತೆ ಹುಡುಕಿದರೆ ನಿಮಗೆ ಬೇಸರವಾಗುತ್ತದೆ. ಅದು ಕೊಡುವುದು ಹಿಡಿತ. ಅದೂ ಏರಿನಲ್ಲಿ. ಮುರಕಲ್ಲಿನ ಮೆಟ್ಟಿಲೊಂದನ್ನು ಹಾರ್ಡ್‌ಟೇಲ್‌ನಲ್ಲಿ ಹತ್ತುವಾಗ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ಮುಂದಿನ ಚಕ್ರ ಹತ್ತುತ್ತದೆ. ಹಿಂದಿನ ಚಕ್ರ ಅಂಚಿಗೆ ಬಡಿಯುತ್ತದೆ. ಆ ಚಕ್ರ ಮೇಲೆ ಹೋಗಬೇಕಾದರೆ ನಿಮ್ಮ ಸೀಟು, ಸೀಟಿನ ಮೇಲಿನ ನೀವು, ಎಲ್ಲ ಒಟ್ಟಿಗೆ ಮೇಲೆ ಹೋಗಬೇಕು. ಕಾಲಿಗೆ ಅಷ್ಟು ಶಕ್ತಿ ಇಲ್ಲದಿದ್ದರೆ ಸೈಕಲ್ ಅಲ್ಲೇ ನಿಲ್ಲುತ್ತದೆ. ಇಲ್ಲವೇ ನೀವು ಸೀಟಿನಿಂದ ಏಳುತ್ತೀರಿ, ಹಿಂದಿನ ಟಯರಿನ ಮೇಲಿನ ತೂಕ ಹೋಗುತ್ತದೆ, ಹರಳಿನ ಮೇಲೆ ಚಕ್ರ ಸುಮ್ನೆ ತಿರುಗುತ್ತದೆ. ಆಮೇಲೆ ತಳ್ಳುವುದು.

ಹಿಂದೆ ಶಾಕ್ ಇದ್ದರೆ ಅದೇ ಅಂಚಿನಲ್ಲಿ ಮೇಲೆ ಹೋಗುವುದು ಚಕ್ರ ಮಾತ್ರ. ಟಯರು, ಗೇರಿನ ಕ್ಯಾಸೆಟ್ ಎಲ್ಲ ಸೇರಿ ಮೂರು ಕೆ.ಜಿ. ಆಸುಪಾಸು. ನೀವು ಕೂತ ಕಡೆಯೇ ಕೂತಿರುತ್ತೀರಿ. ಅಂಚು ದಾಟಿದ ಕೂಡಲೇ ಶಾಕ್ ಚಕ್ರವನ್ನು ಕೆಳಕ್ಕೆ ಒತ್ತುತ್ತದೆ, ಟಯರ್ ಮತ್ತೆ ನೆಲ ಹಿಡಿಯುತ್ತದೆ. ಕೂತೇ ತುಳಿಯುತ್ತಾ ಹೋಗಬಹುದು. ನಮ್ಮ ಮನೆ ಹಿಂದಿನ ಗೇರು ಗುಡ್ಡೆಗೆ ಒಂದು ಏರು ಉಂಟು. ಐದು ಮೆಟ್ಟಿಲು, ಮಧ್ಯೆ ಹರಳು. ಹಾರ್ಡ್‌ಟೇಲ್‌ನಲ್ಲಿ ಮೂರು ವರ್ಷ ನಾನು ಅದನ್ನು ಕಾಲು ಊರದೆ ಹತ್ತಿದ್ದು ಬೆರಳೆಣಿಕೆಯಷ್ಟು ಸಲ. 120ರಲ್ಲಿ ಮೊದಲ ವಾರವೇ ಹತ್ತಿದೆ. ನನ್ನ ಕಾಲು ಆ ವಾರದಲ್ಲಿ ಬಲಿತದ್ದಲ್ಲ.

ಹಾಗಾದರೆ ತೊಟ್ಟಿಲು ಅಂದದ್ದು ಸುಳ್ಳಾ? ಅಲ್ಲ. ಪೆಡಲ್ ತುಳಿದಾಗ ಸೈಕಲ್ ಮುಂದಕ್ಕೆ ನುಗ್ಗುತ್ತದೆ, ತೂಕ ಹಿಂದಕ್ಕೆ ಸರಿಯುತ್ತದೆ, ಶಾಕ್ ತಗ್ಗಲು ನೋಡುತ್ತದೆ. ಹಳೆಯ ಸೈಕಲ್‌ಗಳಲ್ಲಿ ಪ್ರತಿ ತುಳಿತಕ್ಕೂ ಹಿಂಭಾಗ ಕುಣಿಯುತ್ತಿತ್ತು. ಈಗಿನವು ಚೈನಿನ ಎಳೆತವನ್ನೇ ಇದಕ್ಕೆ ಎದುರು ನಿಲ್ಲಿಸುತ್ತವೆ. ಹಿಂದಿನ ತೋಳು ತಿರುಗುವ ಪಿವಟನ್ನು ಸರಿಯಾದ ಜಾಗದಲ್ಲಿ ಇಟ್ಟರೆ, ಚೈನ್ ಎಳೆದಾಗ ಆ ಎಳೆತ ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ತಗ್ಗುವ ಬಲ, ಎತ್ತುವ ಬಲ ಒಂದನ್ನೊಂದು ಕಳೆಯುತ್ತವೆ. ಇದಕ್ಕೆ ಆಂಟಿ ಸ್ಕ್ವಾಟ್ ಅನ್ನುತ್ತಾರೆ. ಎರಡೂ ಸರಿಸಮ ಆದರೆ ಅದು 100 ಶೇಕಡಾ. ಒಳ್ಳೆಯ 120ರ ಸೈಕಲ್‌ಗಳು ಕೂತು ತುಳಿಯುವ ಸ್ಥಿತಿಯಲ್ಲಿ ಇದರ ಹತ್ತಿರ ಇರುತ್ತವೆ.

ಆದರೆ ಇದು ಕಳೆಯುವುದು ಚೈನಿನಿಂದ ಬರುವ ಕುಣಿತವನ್ನು. ನೀವು ಎದ್ದು ನಿಂತು ಮೈ ಮೇಲೆ ಕೆಳಗೆ ಮಾಡಿದರೆ ಯಾವ ಲೆಕ್ಕಾಚಾರವೂ ನಡೆಯುವುದಿಲ್ಲ, ಕುಣಿದೇ ಕುಣಿಯುತ್ತದೆ. ಬದಿಯಡ್ಕದಿಂದ ಮುಳ್ಳೇರಿಯಕ್ಕೆ ಟಾರು ರಸ್ತೆಯಲ್ಲಿ ಎದ್ದು ತುಳಿದರೆ ನಿಮ್ಮ ಗೆಳೆಯ ಹಾರ್ಡ್‌ಟೇಲ್‌ನಲ್ಲಿ ಮುಂದೆ ಹೋಗುತ್ತಾನೆ. ಹೋಗಲಿ. ಹೆಚ್ಚಿನ ಶಾಕ್‌ಗಳಿಗೆ ಒಂದು ಲಿವರ್ ಇರುತ್ತದೆ, ಮುಚ್ಚಿದರೆ ಶಾಕ್ ಗಟ್ಟಿಯಾಗುತ್ತದೆ. ಟಾರಿನಲ್ಲಿ ಮುಚ್ಚಿ, ಮಣ್ಣಿಗೆ ಇಳಿದ ಕೂಡಲೇ ತೆರೆಯಿರಿ. ಹೊಸಬರು ಮಾಡುವ ದೊಡ್ಡ ತಪ್ಪು ಅಂದರೆ ಏರು ಕಂಡ ಕೂಡಲೇ ಮುಚ್ಚುವುದು. ಕಲ್ಲಿನ ಏರಿನಲ್ಲಿ ಮುಚ್ಚಿದರೆ ನೀವು ಎರಡು ಕೆ.ಜಿ. ಜಾಸ್ತಿ ತೂಗುವ ಹಾರ್ಡ್‌ಟೇಲ್ ಓಡಿಸುತ್ತಿದ್ದೀರಿ, ಅಷ್ಟೇ.

ಒಂದೊಂದು ಗ್ರಾಮಿಗೂ ಲೆಕ್ಕ ಇಡುವ ರೇಸಿನವರೇ ಏನು ಮಾಡಿದ್ದಾರೆ ನೋಡಿ. 1996ರ ಅಟ್ಲಾಂಟಾದಲ್ಲಿ ಮೌಂಟನ್ ಬೈಕ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂತು. ಆ ಕಾಲದ ರೇಸ್ ಅಂದರೆ ಹಗುರ ಹಾರ್ಡ್‌ಟೇಲ್. ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಚಿನ್ನ ಗೆದ್ದ ಟಾಮ್ ಪಿಡ್‌ಕಾಕ್ ಓಡಿಸಿದ್ದು ಫುಲ್ ಸಸ್ಪೆನ್ಷನ್. ಸ್ಪೆಷಲೈಸ್ಡ್ ಕಂಪನಿಯ ಎಪಿಕ್ ಎಷ್ಟೋ ವರ್ಷ 100 ಮಿ.ಮೀ. ರೇಸ್ ಸೈಕಲ್ ಆಗಿತ್ತು. 2024ರ ಎಂಟನೇ ತಲೆಮಾರಿಗೆ ಅದೂ ಎರಡೂ ಕಡೆ 120 ಆಯಿತು. ಶಾಕ್ ಶಕ್ತಿ ತಿನ್ನುವುದು ನಿಜವಾಗಿದ್ದರೆ ಮೊದಲು ಬಿಟ್ಟು ಓಡುತ್ತಿದ್ದವರು ಅವರೇ.

ಇಳಿತದ ವಿಷಯ. ಇಲ್ಲಿ ನಿಮ್ಮ ಹಾರ್ಡ್‌ಟೇಲ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಹಿಂದಿನ 120 ಮಿ.ಮೀ. ಮಾತ್ರ ಅಲ್ಲ. ಹಾರ್ಡ್‌ಟೇಲ್‌ನಲ್ಲಿ ಬ್ರೇಕ್ ಹಿಡಿದಾಗ ಮುಂದೆ ಮಾತ್ರ ತಗ್ಗುತ್ತದೆ. ಸೈಕಲ್ ಮೂಗು ಬಗ್ಗಿಸುತ್ತದೆ, ಸ್ಟಿಯರಿಂಗ್ ಕಡಿದಾಗುತ್ತದೆ, ನೀವು ಹ್ಯಾಂಡಲ್ ಮೇಲೆ ಬಿದ್ದ ಹಾಗೆ ಆಗುತ್ತದೆ. ಫುಲ್ ಸಸ್ಪೆನ್ಷನ್‌ನಲ್ಲಿ ಹಿಂದಿನ ಭಾಗವೂ ಕೂತಿರುತ್ತದೆ. ಸೈಕಲ್ ಒಟ್ಟಾಗಿ ತಗ್ಗಿ ಒಟ್ಟಾಗಿ ಏಳುತ್ತದೆ. ಹೆದರಿಕೆ ಕಡಿಮೆಯಾಗುವುದಕ್ಕೆ ಅರ್ಧ ಕಾರಣ ಇದು.

ಆದರೆ 120 ತಪ್ಪನ್ನು ಮನ್ನಿಸುವುದಿಲ್ಲ. 150ರ ಸೈಕಲ್‌ನಲ್ಲಿ ಕಣ್ಣು ಮುಚ್ಚಿ ಕಲ್ಲಿನ ಮೇಲೆ ಹೋದರೂ ಅದು ನುಂಗುತ್ತದೆ. 120ರಲ್ಲಿ ಯಾವ ಕಲ್ಲಿನ ಎಡಕ್ಕೆ ಹೋಗಬೇಕು, ಎಲ್ಲಿ ಮೊಣಕಾಲು ಬಗ್ಗಿಸಬೇಕು ಎಂದು ನೀವೇ ನೋಡಬೇಕು. ನೆಲದಲ್ಲಿ ಏನುಂಟು ಅಂತ ಪಾದಕ್ಕೆ ಗೊತ್ತಾಗುತ್ತಲೇ ಇರುತ್ತದೆ. ನನಗೆ ಅದೇ ಇಷ್ಟ. ಚಿಕ್ಕ ದಿಬ್ಬದ ಮೇಲೆ ಕಾಲು ಒತ್ತಿದರೆ ಶಾಕಿನಲ್ಲಿ ಆ ಒತ್ತು ಕಳೆದುಹೋಗದೆ ಸೈಕಲ್ ಮೇಲೇಳುತ್ತದೆ. ಪೊಸಡಿಗುಂಪೆಯ ಬದಿಯ ದಾರಿಯಂಥ ಕಡೆ, ಸಾಲಾಗಿ ಕಲ್ಲು ಬಂದಾಗ, ಮೊದಲ ಐದಾರು ಪೆಟ್ಟು ತಿಂದು ಆರಾಮವಾಗಿರುತ್ತದೆ. ಹತ್ತನೆಯದಕ್ಕೆ 'ಸಾಕು ಮಾರಾಯ' ಅನ್ನುತ್ತದೆ. ಆಗ ವೇಗ ಇಳಿಸುವುದು ನಿಮ್ಮ ಕೆಲಸ. ನೀವು ಹಾರ್ಡ್‌ಟೇಲ್‌ನಿಂದ ಬರುತ್ತಿರುವುದರಿಂದ ಈ ಅಭ್ಯಾಸ ನಿಮಗೆ ಈಗಾಗಲೇ ಇದೆ. ಮೋಟರ್ ಸೈಕಲ್‌ನಿಂದ ನೇರ ಬಂದವರಿಗೆ ಇರುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಶಾಕಿಗೆ, ಫೋರ್ಕಿಗೆ ಸರಿಯಾಗಿ ಗಾಳಿ ತುಂಬಿದ ಸೈಕಲ್‌ನ ಬಗ್ಗೆ. ಇದನ್ನು ನಾನು ಒತ್ತಿ ಹೇಳಬೇಕು. ಟ್ರಾವೆಲ್, ಅಂದರೆ ಚಕ್ರ ಮೇಲೆ ಹೋಗುವ ಅಂತರ, ಉದ್ದ ಇರುವ ಸೈಕಲ್‌ನಲ್ಲಿ ಗಾಳಿ ಹೆಚ್ಚು ಕಡಿಮೆ ಆದರೂ ಹೇಗೋ ನಡೆಯುತ್ತದೆ. ಚಿಕ್ಕದರಲ್ಲಿ ನಡೆಯುವುದಿಲ್ಲ. ಲೆಕ್ಕ ನೋಡಿ. ಚಕ್ರ 120 ಮಿ.ಮೀ. ಮೇಲೆ ಹೋಗುವಾಗ ಶಾಕ್ ಒಳಕ್ಕೆ ಹೋಗುವುದು ಹಲವು ಸೈಕಲ್‌ಗಳಲ್ಲಿ ಬರೀ 45 ಮಿ.ಮೀ. ಅಂದರೆ ಶಾಕಿನಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಚಕ್ರದಲ್ಲಿ ಹತ್ತಿರ ಹತ್ತಿರ ಮೂರು ತಪ್ಪುತ್ತದೆ. ನೀವು ಸೀಟಿನ ಮೇಲೆ ಸುಮ್ಮನೆ ಕೂತಾಗ ಶಾಕ್ ಎಷ್ಟು ತಗ್ಗುತ್ತದೋ ಅದಕ್ಕೆ ಸ್ಯಾಗ್ ಅಂತ ಹೆಸರು. ಹಿಂದೆ 25ರಿಂದ 30 ಶೇಕಡಾ ಇರಬೇಕು. 45ರಲ್ಲಿ ಅದು 11ರಿಂದ 13 ಮಿ.ಮೀ. ಮುಂದಿನ ಫೋರ್ಕಿಗೆ 20 ಶೇಕಡಾ ಸಾಕು.

ಗೋಡೆಗೆ ಮೊಣಕೈ ಊರಿ, ಶೂ, ಹೆಲ್ಮೆಟ್, ನೀರಿನ ಚೀಲ ಎಲ್ಲ ಹಾಕಿಕೊಂಡೇ ಕೂರಿ. ಶಾಕಿನ ಮೇಲಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಗುವ ಹಾಗೆ ತಳ್ಳಿ. ಮೆಲ್ಲಗೆ ಇಳಿದು ಸ್ಕೇಲಿನಲ್ಲಿ ಅಳೆಯಿರಿ. ಎಲ್ಲಿಂದ ಶುರು ಮಾಡಬೇಕು ಅಂದರೆ, ತುಂಬಾ ಸೈಕಲ್‌ಗಳಿಗೆ ನಿಮ್ಮ ತೂಕ ಪೌಂಡಿನಲ್ಲಿ ಎಷ್ಟೋ ಅಷ್ಟು ಪಿಎಸ್‌ಐ. 72 ಕೆ.ಜಿ. ಅಂದರೆ ಸುಮಾರು 160. ಅಲ್ಲಿಂದ ಐದೈದು ಹೆಚ್ಚು ಕಡಿಮೆ ಮಾಡುತ್ತಾ ಬನ್ನಿ. ಒಂದೇ ಶಾಕ್ ಪಂಪನ್ನು ಉಪಯೋಗಿಸಿ. ಒಂದು ಪಂಪಿನ ಮುಳ್ಳು ಇನ್ನೊಂದಕ್ಕೆ ತಾಳೆ ಆಗುವುದಿಲ್ಲ.

ನಾನು ಮೊದಲ ತಿಂಗಳು 35 ಶೇಕಡಾ ಸ್ಯಾಗ್ ಇಟ್ಟು ಓಡಿಸಿದೆ. ಮೆತ್ತಗೆ ಇರಲಿ ಅಂತ. ಏನಾಯಿತು ಅಂದರೆ ಸೈಕಲ್ ಯಾವಾಗಲೂ ಅರ್ಧ ಕೂತೇ ಇರುತ್ತಿತ್ತು. ಏರಿನಲ್ಲಿ ಮುಂದಿನ ಚಕ್ರ ಅಲೆಯುತ್ತಿತ್ತು. ಕೆಳಗಿನ ಪೆಡಲ್ ಮುರಕಲ್ಲಿನ ಅಂಚಿಗೆ ಬಡಿದು, ಒಂದು ದಿನ ನಾನು ಸೈಕಲ್ ಸಮೇತ ದರೆಯಿಂದ ಅಡಿಕೆ ತೋಟಕ್ಕೆ ಇಳಿದೆ. ತೋಟದ ಯಜಮಾನರು ಏನೂ ಹೇಳಲಿಲ್ಲ. ಒಂದು ಲೋಟ ಮಜ್ಜಿಗೆ ಕೊಟ್ಟು, 'ಇದಕ್ಕೆ ಬ್ರೇಕ್ ಇಲ್ಲವಾ?' ಅಂತ ಕೇಳಿದರು.

ಪೆಡಲ್ ಬಡಿಯುವುದು ನಿಮಗೂ ಆಗುತ್ತದೆ, ಸ್ಯಾಗ್ ಸರಿ ಇದ್ದರೂ. ನೀವು ಕೂತಾಗ ಇದರಲ್ಲಿ ಕ್ರ್ಯಾಂಕ್, ಅಂದರೆ ಪೆಡಲ್ ಸಿಕ್ಕಿಸಿದ ತೋಳು, ನೆಲಕ್ಕೆ ಹತ್ತಿರ ಬರುತ್ತದೆ. ಮುಂದೆ ಹಿಂದೆ ತಗ್ಗಿದ ಲೆಕ್ಕ ಸೇರಿದರೆ ಸುಮಾರು ಮೂರು ಸೆಂಟಿಮೀಟರ್ ಕೆಳಗೆ. ಮೆಟ್ಟಿಲಿಗೆ ಮುಂಚೆ ಅರ್ಧ ತುಳಿತ ಹಿಂದಕ್ಕೆ ತಿರುಗಿಸಿ ಪೆಡಲ್ ಸರಿ ಮಾಡಿಕೊಳ್ಳುವುದನ್ನು ಕಲಿಯಿರಿ. 175 ಮಿ.ಮೀ. ಕ್ರ್ಯಾಂಕ್ ಇದ್ದರೆ 165 ಅಥವಾ 170ಕ್ಕೆ ಬದಲಿಸಿದರೂ ಆಗುತ್ತದೆ.

ರಿಬೌಂಡ್ ಅಂದರೆ ತಗ್ಗಿದ ಶಾಕ್ ಮತ್ತೆ ಮೇಲೇಳುವ ವೇಗ. ಕೆಂಪು ಗುಬ್ಬಿಯೊಂದನ್ನು ತಿರುಗಿಸಿ ಅದನ್ನು ಸರಿಮಾಡುವುದು. ಮನೆ ಜಗಲಿಯ ಒಂದು ಮೆಟ್ಟಿಲಿನಿಂದ ಕೂತೇ ಕೆಳಕ್ಕೆ ಇಳಿಸಿ. ಸೀಟು ಒಂದು ಸಲ ಮೇಲೆದ್ದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ವೇಗ ಜಾಸ್ತಿ. ಏಳದೆ ಸತ್ತಂತೆ ಕೂತರೆ ನಿಧಾನ ಜಾಸ್ತಿ. ನಿಧಾನ ಇಟ್ಟರೆ ನಮ್ಮ ಜೇನುಗೂಡು ಕಲ್ಲಿನ ಮೇಲೆ ಶಾಕ್ ಒಂದು ಪೆಟ್ಟಿನಿಂದ ಎದ್ದೇಳುವ ಮುಂಚೆ ಇನ್ನೊಂದು ಬಂದು, ಕೂತು ಕೂತು ಕೊನೆಗೆ 120ರಲ್ಲಿ 60 ಮಾತ್ರ ಉಳಿಯುತ್ತದೆ. ಇಲ್ಲಿನವರಿಗೆ ನಾನು ಹೇಳುವುದು, ಅನುಮಾನ ಬಂದರೆ ಒಂದು ಕ್ಲಿಕ್ ವೇಗದ ಕಡೆಗೇ ಇರಲಿ.

ಸುತ್ತು ಮುಗಿದ ಮೇಲೆ ರಬ್ಬರ್ ಉಂಗುರ ನೋಡಿ. ಒಂದು ಸಲ ತುದಿ ಮುಟ್ಟಿದ್ದರೆ ಸಂತೋಷ ಪಡಿ, ಕೊಟ್ಟ ಹಣದ ಪೂರ್ತಿ ಟ್ರಾವೆಲ್ ಬಳಸಿದ್ದೀರಿ. ಪ್ರತಿ ಸಣ್ಣ ಹಾರಿಗೂ ಧಡ್ ಅಂದರೆ ಗಾಳಿ ಜಾಸ್ತಿ ಮಾಡಬೇಡಿ. ಶಾಕಿನ ಗಾಳಿ ಕೋಣೆಯೊಳಗೆ ಪ್ಲಾಸ್ಟಿಕ್ ತುಂಡು ಹಾಕುವ ವ್ಯವಸ್ಥೆ ಇದೆ, ಟೋಕನ್ ಅನ್ನುತ್ತಾರೆ. ಅದು ಕೊನೆಯ ಭಾಗವನ್ನು ಮಾತ್ರ ಗಟ್ಟಿ ಮಾಡುತ್ತದೆ, ಮೊದಲಿನ ಮೆದುತನ ಹಾಗೇ ಉಳಿಯುತ್ತದೆ.

ಟಯರ್ ಬಗ್ಗೆ ಒಂದು ಮಾತು. ಆ ತೂತು ಕಲ್ಲಿನ ಗಡಗಡಕ್ಕೆ ಶಾಕ್‌ಗಿಂತ ಮೊದಲು ಉತ್ತರ ಕೊಡುವುದು ಟಯರ್. 2.4 ಇಂಚಿನ ಟ್ಯೂಬ್‌ಲೆಸ್, ನಿಮ್ಮ ತೂಕಕ್ಕೆ ಮುಂದೆ 22, ಹಿಂದೆ 25 ಪಿಎಸ್‌ಐ. 40 ತುಂಬಿ ಓಡಿಸುವವರನ್ನು ನಾನು ನೋಡಿದ್ದೇನೆ. ಅವರಿಗೆ ಎಷ್ಟು ದುಬಾರಿ ಶಾಕ್ ಇದ್ದರೂ ವ್ಯರ್ಥ. ಟಯರಿನೊಳಗಿನ ಸೀಲಂಟ್ ನಮ್ಮ ಸೆಖೆಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ. ಏಪ್ರಿಲಿನಲ್ಲಿ ಒಮ್ಮೆ ತೆಗೆದು ನೋಡಿ.

ತೋಟದೊಳಗೆ ಇದರ ವರಸೆ ಬೇರೆ. ಅಡ್ಡಲಾಗಿ ಬರುವ ನೀರಿನ ಕಣಿಗಳನ್ನು ಅದು ಚೆನ್ನಾಗಿ ದಾಟುತ್ತದೆ. ಮುಂದಿನ ಚಕ್ರ ಇಳಿದಾಗ ಮೈ ಹಗುರ ಮಾಡಿ, ಹಿಂದಿನದ್ದನ್ನು ಶಾಕ್ ನೋಡಿಕೊಳ್ಳುತ್ತದೆ. ಬಿದ್ದ ಅಡಿಕೆ ಹಾಳೆಯ ಮೇಲೆ ಮಾತ್ರ ಯಾವ ಸಸ್ಪೆನ್ಷನ್ನೂ ಕೆಲಸಕ್ಕೆ ಬಾರದು. ಒದ್ದೆ ಹಾಳೆ, ಪಾಚಿ ಹಿಡಿದ ಮುರಕಲ್ಲು, ಅಡಿಕೆ ಮರದ ಕಾಲುಸಂಕ, ಈ ಮೂರರ ಮುಂದೆ 120, 150, 200 ಎಲ್ಲ ಒಂದೇ. ಇಳಿದು ನಡೆಯಿರಿ.

ಈಗ ಮಳೆ. ನಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ನಿಮ್ಮ ಹತ್ತಿರ ಇರುವುದು 120. ಸೋಲುವವರು ಯಾರು ಅಂತ ಗೊತ್ತಲ್ಲ? ತಮಾಷೆ ಬಿಡಿ, ನಿಮ್ಮ ಪ್ರಶ್ನೆಯಲ್ಲಿ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಇದೇ ಭಾಗ. ಹಾರ್ಡ್‌ಟೇಲ್‌ನಲ್ಲಿ ಹಾಳಾಗಲು ಇರುವುದು ಕಡಿಮೆ. ಇದರಲ್ಲಿ ಹಿಂದೆ ಆರು, ಎಂಟು, ಕೆಲವು ವಿನ್ಯಾಸದಲ್ಲಿ ಅದಕ್ಕಿಂತಲೂ ಹೆಚ್ಚು ಬೇರಿಂಗ್ ಇರುತ್ತವೆ. ನಮ್ಮ ಕೆಂಪು ಕೆಸರಿನಲ್ಲಿ ನುಣ್ಣನೆ ಜೇಡಿಯೂ ಇದೆ, ಕಬ್ಬಿಣದಂಥ ಹರಳಿನ ಪುಡಿಯೂ ಇದೆ. ಎರಡು ಸೇರಿದರೆ ಸಾಣೆ ಹಿಡಿಯುವ ಮದ್ದು. ಬ್ರೇಕ್ ಪ್ಯಾಡ್, ಚೈನು, ಫೋರ್ಕಿನ ಸೀಲು, ಎಲ್ಲವನ್ನೂ ಅದು ಅರೆಯುತ್ತದೆ.

ನಾನು ಮೊದಲ ಮಳೆಗಾಲ ಮಾಡಿದ ದಡ್ಡತನ ಹೇಳುತ್ತೇನೆ. ಪ್ರತಿ ಭಾನುವಾರ ಸುತ್ತು ಮುಗಿಸಿ, ಕಾರು ತೊಳೆಯುವ ಪ್ರೆಶರ್ ಪಂಪಿನಲ್ಲಿ ಸೈಕಲ್ ತೊಳೆಯುತ್ತಿದ್ದೆ. ಹೊಳೆಯುತ್ತಿತ್ತು. ಅಕ್ಟೋಬರದಲ್ಲಿ ಹಿಂದಿನ ತೋಳು ಕಿರ್ರ್ ಅನ್ನಲು ಶುರು. ಬಿಚ್ಚಿ ನೋಡಿದರೆ ನಾಲ್ಕು ಬೇರಿಂಗ್ ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ಆ ನೀರಿನ ರಭಸ ರಬ್ಬರ್ ಸೀಲನ್ನು ದಾಟಿ ಗ್ರೀಸನ್ನೆಲ್ಲ ತೊಳೆದಿತ್ತು. ಈಗ ಪೈಪಿನ ಬಾಯಿಗೆ ಬೆರಳು ಕೂಡ ಅಡ್ಡ ಹಿಡಿಯದೆ ಸುಮ್ಮನೆ ನೀರು ಬಿಡುತ್ತೇನೆ. ಹಳೆ ಬಟ್ಟೆಯಲ್ಲಿ ಫೋರ್ಕಿನ ಮತ್ತು ಶಾಕಿನ ಹೊಳೆಯುವ ಭಾಗ ಒರೆಸುತ್ತೇನೆ. ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ಪಿವಟ್ ಬಿಚ್ಚಿ ಗ್ರೀಸ್ ಹಾಕುತ್ತೇನೆ. ಒಂದು ಮಧ್ಯಾಹ್ನದ ಕೆಲಸ. ಕೂಡಿಸುವಾಗ ಟಾರ್ಕ್ ಸ್ಪ್ಯಾನರ್ ಬೇಕು, ಅಂದಾಜಿನಲ್ಲಿ ಬಿಗಿ ಮಾಡಬೇಡಿ.

ಬೇರಿಂಗ್‌ಗೆ ಸೈಕಲ್ ಕಂಪನಿಯನ್ನು ಕಾಯಬೇಕಾಗಿಲ್ಲ. ಸೀಲಿನ ಮೇಲೆ 6902, 6802 ಹೀಗೆ ನಂಬರ್ ಕೆತ್ತಿರುತ್ತದೆ. ಇವು ಎಲ್ಲ ಯಂತ್ರಗಳಲ್ಲಿ ಬಳಸುವ ಅಳತೆಗಳೇ. ಮಂಗಳೂರಿನಂಥ ಊರಿನಲ್ಲಿ ಬೇರಿಂಗ್ ಮಾರುವ ಅಂಗಡಿಗೆ ಹೋಗಿ ನಂಬರ್ ಹೇಳಿದರೆ ಆಯಿತು. ಪಿವಟ್‌ಗೆಂದೇ ಒಳಗೆ ಪಂಜರ ಇಲ್ಲದೆ ಗುಂಡುಗಳನ್ನೇ ತುಂಬಿದ ಬಗೆಯೂ ಬರುತ್ತದೆ. ಸಿಕ್ಕಿದರೆ ಅದು ಇನ್ನೂ ಒಳ್ಳೆಯದು, ಯಾಕೆಂದರೆ ಪಿವಟ್ ಸುತ್ತುವುದಿಲ್ಲ, ಸ್ವಲ್ಪವೇ ಹಿಂದೆ ಮುಂದೆ ತೂಗುತ್ತದೆ. ಅಲ್ಲಿ ಬೇಕಾದದ್ದು ಭಾರ ಹೊರುವ ಶಕ್ತಿ.

ಶಾಕಿನ ಗಾಳಿ ಕೋಣೆಯ ಸೀಲು, ಫೋರ್ಕಿನ ಕೆಳಕಾಲಿನ ಎಣ್ಣೆ, ಇವನ್ನು 50 ಗಂಟೆಗೊಮ್ಮೆ ನೋಡಿ ಅಂತ ಫೋರ್ಕ್, ಶಾಕ್ ಮಾಡುವ ರಾಕ್‌ಶಾಕ್ಸ್ ಕಂಪನಿ ಹೇಳುತ್ತದೆ. ವಾರಕ್ಕೆ ಮೂರು ಗಂಟೆ ಅಂದರೆ ನಿಮಗೆ ನಾಲ್ಕು ತಿಂಗಳಿಗೊಮ್ಮೆ. ಈ ಎರಡನ್ನೂ ಮನೆಯಲ್ಲೇ ಕಲಿಯಬಹುದು. ಒಳಗಿನ ಡ್ಯಾಂಪರ್, ಅಂದರೆ ಕುಣಿತ ತಡೆಯುವ ಎಣ್ಣೆಯ ಭಾಗ, ಅದನ್ನು ಮಾತ್ರ ಮುಟ್ಟಬೇಡಿ, ಅದನ್ನು ಬಲ್ಲವರಿಗೆ ಕಳಿಸಿ. ಇನ್ನೊಂದು, ತೋಟಕ್ಕೆ ಬೋರ್ಡೋ ಬಿಡುವ ದಿನ ಸೈಕಲನ್ನು ಅಲ್ಲೇ ಒರಗಿಸಿ ಇಡಬೇಡಿ. ಅದರಲ್ಲಿರುವ ಮೈಲುತುತ್ತು ಅಲ್ಯುಮಿನಿಯಮ್‌ಗೆ ಆಗದು. ನೀಲಿ ಹನಿ ಬಿದ್ದರೆ ಅವತ್ತೇ ತೊಳೆಯಿರಿ.

ಜುಲೈ, ಆಗಸ್ಟ್‌ನಲ್ಲಿ ಪದವಿನ ಮೇಲೆ ನೀರು ನಿಂತು ಸಣ್ಣ ಸಣ್ಣ ಹೂವು ಅರಳುವ ಜಾಗ ಇರುತ್ತದಲ್ಲ, ಅನಂತಪುರದ ಆಸುಪಾಸು ನೋಡಿರಬಹುದು. ಅಲ್ಲಿ ಚಕ್ರ ಹಾಯಿಸಬೇಡಿ. ಕಲ್ಲಿನ ಮೇಲೆ ಅಷ್ಟೇ ಅಷ್ಟು ಮಣ್ಣು, ಅದರಲ್ಲಿ ಅವು ಬದುಕುವುದು. ರಾಣಿಪುರದ ಕಡೆ ಹೋಗುವ ಆಸೆ ಇದ್ದರೆ ಅದು ಅರಣ್ಯ ಇಲಾಖೆಯ ಜಾಗ, ಜನ ನಡೆದು ಹತ್ತುವ ದಾರಿ. ಕೇಳದೆ ಸೈಕಲ್ ಒಯ್ಯಬೇಡಿ.

ಹಾಗಾದರೆ ತಗೊಳ್ಳಬೇಕಾ? ವರ್ಷಕ್ಕೆ ಎರಡು ಸಲ ಪಿವಟ್ ಬಿಚ್ಚುವ ತಾಳ್ಮೆ ಇದ್ದರೆ, ತಗೊಳ್ಳಿ. ಇಲ್ಲದಿದ್ದರೆ ನಿಮ್ಮ ಹಾರ್ಡ್‌ಟೇಲ್‌ಗೆ ಒಳ್ಳೆಯ 2.4 ಟಯರ್ ಮತ್ತು ಸೀಟು ಮೇಲೆ ಕೆಳಗೆ ಮಾಡುವ ಡ್ರಾಪರ್ ಪೋಸ್ಟ್ ಹಾಕಿಸಿ. ಅರ್ಧ ಖುಷಿ ಅಷ್ಟರಲ್ಲೇ ಸಿಗುತ್ತದೆ. ಮಳೆಗಾಲ ಪೂರ್ತಿ ಓಡಿಸಿ ಮೂಲೆಗೆ ಎಸೆಯುವ ಸೈಕಲ್ ಬೇಕಾದರೆ ಶಾಕ್ ಇರುವುದು ಬೇಡವೇ ಬೇಡ. ಹಾರ್ಡ್‌ಟೇಲನ್ನು ಮಾರದೆ ಜೂನ್, ಜುಲೈಗೆ ಇಟ್ಟುಕೊಳ್ಳಬಹುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ನಾನು ಈಗ ಮಾಡುತ್ತಿರುವುದು ಅದನ್ನೇ.

ಬೆಂಗಳೂರಿಗೆ ಹೋಗುವಾಗ ಶಾಕ್ ಪಂಪ್ ಮತ್ತು ಸ್ಕೇಲ್ ಒಯ್ಯಿರಿ. ಮಾರುವವರ ತೂಕಕ್ಕೆ ತುಂಬಿದ ಗಾಳಿಯಲ್ಲಿ ಓಡಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮೊದಲು ಸೀಟನ್ನು ಹಿಡಿದು ಸೈಕಲನ್ನು ಮೆಲ್ಲಗೆ ಎತ್ತಿ ಇಳಿಸಿ. ಚಕ್ರ ನೆಲ ಬಿಡುವ ಮೊದಲು ಟಕ್ ಅಂದರೆ ಎಲ್ಲೋ ಸಡಿಲ ಇದೆ, ಪಿವಟ್ ಇರಬಹುದು, ಶಾಕಿನ ಬುಷ್ ಇರಬಹುದು. ಬುಷ್ ಆದರೆ ಅಗ್ಗ. ಶಾಕಿನ ಹೊಳೆಯುವ ಕೊಳವೆಯ ಮೇಲೆ ಉಗುರು ಎಳೆದು ನೋಡಿ, ಗೀರಿಗೆ ಉಗುರು ಸಿಕ್ಕಿಹಾಕಿಕೊಂಡರೆ ಬೇಡ ಅನ್ನಿ. ಪಿವಟ್ ಸುತ್ತಲಿನ ಬೆಸುಗೆಗಳನ್ನು ಟಾರ್ಚ್ ಹಾಕಿ ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಇದ್ದರೆ ಅದು ಬಣ್ಣದ ಗೆರೆ ಅಂತ ಅವರು ಹೇಳುತ್ತಾರೆ. ನಂಬಬೇಡಿ. ಫ್ರೇಮಿನ ವಾರಂಟಿ ಸಾಮಾನ್ಯವಾಗಿ ಮೊದಲ ಮಾಲಿಕರಿಗೆ ಮಾತ್ರ. ಕೊನೆಗೆ ಶಾಕಿಗೆ 160 ತುಂಬಿ, ಸ್ಯಾಗ್ ಅಳೆದು, ಅರ್ಧ ಗಂಟೆ ಓಡಿಸಿ ಬಂದು ಮತ್ತೆ ಅಳೆಯಿರಿ. ಗಾಳಿ ಇಳಿದಿದ್ದರೆ ಸೀಲು ಹೋಗಿದೆ, ಆ ಖರ್ಚನ್ನು ಬೆಲೆಯಿಂದ ಕಳೆಯಲು ಕೇಳಿ.

ಒಪ್ಪಿಗೆಯಾಗಿ ರೈಲಿನಲ್ಲಿ ಕಾಸರಗೋಡಿಗೆ ತರುವುದಾದರೆ ಗೇರು ಬದಲಿಸುವ ಹಿಂದಿನ ಡಿರೇಲರನ್ನು ಬಿಚ್ಚಿ ಚೈನಿನ ಜೊತೆ ಬಟ್ಟೆ ಸುತ್ತಿ ಕಟ್ಟಿ. ಚಕ್ರ ತೆಗೆದರೆ ಬ್ರೇಕ್ ಪ್ಯಾಡ್‌ಗಳ ನಡುವೆ ಮಡಚಿದ ರಟ್ಟು ಇಡಿ. ಯಾರಾದರೂ ದಾರಿಯಲ್ಲಿ ಬ್ರೇಕ್ ಲಿವರ್ ಒತ್ತಿಯೇ ಒತ್ತುತ್ತಾರೆ.